ಎರಡು ಅರ್ಜಿ, ಒಂದು ನಂಬರು

ಐವತ್ತು ದಾಟಿದ ಮೇಲೆ ಮನುಷ್ಯ ನೌಕರಿ ಹುಡುಕಬಾರದು. ಹುಡುಕುವ ಪ್ರಸಂಗ ಬಂದರೂ ನಾಲ್ಕು ಜನರಿಗೆ ಕಾಣದ ಹಾಗೆ ಹುಡುಕಬೇಕು ಎಂದು ನಂಬಿದ್ದವನು ನಾನು. ಆ ದೃಷ್ಟಿಯಿಂದ ಆನ್‌ಲೈನ್ ಎಂಬುದು ನನ್ನಂಥ ಮಾನವಂತರಿಗಾಗಿಯೇ ಹುಟ್ಟಿಕೊಂಡ ಸೌಕರ್ಯ ಎಂದು ಮೊದಮೊದಲು ಅನ್ನಿಸಿತ್ತು. ಅಂಗಿ ಇಸ್ತ್ರಿ ಮಾಡಿಕೊಳ್ಳಬೇಕಿಲ್ಲ, ಯಾರ ಬಾಗಿಲಲ್ಲೂ ಚಪ್ಪಲಿ ಬಿಡಬೇಕಿಲ್ಲ, ‘ಸಾಹೇಬ್ರು ಊಟಕ್ಕ ಹೋಗ್ಯಾರ, ಕುಂಡ್ರಿ’ ಎಂಬ ಮಾತು ಕೇಳಿಸಿಕೊಳ್ಳಬೇಕಿಲ್ಲ. ಲುಂಗಿ ಉಟ್ಟುಕೊಂಡು ಮಂಚದ ಮೇಲೆ ಕೂತು ಬೆರಳಲ್ಲಿ ಒತ್ತಿದರೆ ಆಯಿತು. ನಾಚಿಕೆಪಡುವ ಕೆಲಸವನ್ನೆಲ್ಲ ನಾಲ್ಕು ಗೋಡೆಗಳ ಒಳಗೇ ಮುಗಿಸಿಬಿಡಬಹುದು. ಆದರೆ ಹೀಗೆ ಮಂಚದ ಮೇಲೆ ಕೂತು ಶುರು ಮಾಡಿದ ಕೆಲಸ ಒಬ್ಬ ಮನುಷ್ಯನನ್ನು ಎಂಥ ನಾಚಿಕೆಗೇಡಿಗೆ ತಂದು ನಿಲ್ಲಿಸಬಲ್ಲದು ಎಂಬುದು ಆಗ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಹೇಳಿಕೊಂಡರೆ ಸ್ವಲ್ಪ ಹಗುರಾದೀತು ಎಂದು ಹೇಳಿಕೊಳ್ಳುತ್ತಿದ್ದೇನೆ. ಓದಿದವರು ಬೆಟಗೇರಿಯ ಕಡೆ ಬಂದರೆ ನಮ್ಮ ಓಣಿಯವರ ಮುಂದೆ ಮಾತ್ರ ದಯವಿಟ್ಟು ಈ ವಿಷಯ ಎತ್ತಬೇಡಿ.

ಗದಗಿನ ಒಂದು ಛಾಪಖಾನೆಯಲ್ಲಿ ನಾನು ಇಪ್ಪತ್ನಾಲ್ಕು ವರ್ಷ ಪ್ರೂಫ್ ನೋಡಿದವನು. ಲಗ್ನಪತ್ರಿಕೆ, ಪಾವತಿ ಪುಸ್ತಕ, ನಾಟಕದ ಕರಪತ್ರ, ಬಸವ ಪುರಾಣದ ಹ್ಯಾಂಡ್‌ಬಿಲ್ಲು ಎಲ್ಲವೂ ನನ್ನ ಕನ್ನಡಕದ ಕೆಳಗೆ ಹಾದುಹೋಗಿಯೇ ಊರು ಸೇರಬೇಕು. ಒಮ್ಮೆ ಅಂತೂರ ಬೆಂತೂರ ಎಂಬ ಊರಿನ ಒಬ್ಬರ ಲಗ್ನಪತ್ರಿಕೆಯಲ್ಲಿ ತಾರೀಖಿಗೂ ವಾರಕ್ಕೂ ತಾಳೆಯಾಗದ್ದನ್ನು ಕಡೇ ಗಳಿಗೆಯಲ್ಲಿ ಹಿಡಿದೆ. ಅವರು ಸಂತೋಷಪಟ್ಟು ಒಂದು ಚೀಲ ಹಸಿ ಶೇಂಗಾ ತಂದು ನಮ್ಮ ಮನೆಯ ಕಟ್ಟೆಯ ಮೇಲೆ ಇಳಿಸಿ ಹೋದರು. ಅಂದಿನಿಂದ ‘ಚನ್ನಬಸಪ್ಪನ ಕಣ್ಣು’ ಎಂದು ನಮ್ಮ ಓಣಿಯಲ್ಲಿ ಒಂದು ಹೆಸರೇ ಆಯಿತು. ಆ ಹೆಸರನ್ನು ನಾನೂ ಧಾರಾಳವಾಗಿ ನಂಬಿದೆ. ಮುಂದೆ ಜನ ಮದುವೆಯ ಕರೆಯನ್ನು ಫೋನಿನಲ್ಲೇ ಕಳಿಸಲು ಕಲಿತರು. ಛಾಪಖಾನೆಯ ಮಾಲೀಕರು ಎರಡು ವರ್ಷ ತಡೆದು ನೋಡಿ, ಒಂದು ದಿನ ಬಾಗಿಲು ಹಾಕಿದರು. ನನಗೆ ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟರು. ಹೊತ್ತು ಹೇಗೆ ಕಳೆಯಬೇಕೋ ತಿಳಿಯದವನಿಗೆ ಗಡಿಯಾರ.

ಮನೆಯಲ್ಲಿ ನನ್ನ ಹೆಂಡತಿ ನೀಲವ್ವ ಕಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುತ್ತಾಳೆ. ಮೊದಲು ಅದು ಅವಳ ಕೈಖರ್ಚಿಗೆ ಆಗುತ್ತಿತ್ತು; ಈಗ ಅದೇ ಮನೆಯ ಆಧಾರವಾಯಿತು. ಊಟಕ್ಕೆ ಕೂತಾಗ ಅವಳು ಬಾಯಲ್ಲಿ ಏನೋ ಎಣಿಸುವುದು ಕೇಳಿಸುತ್ತಿತ್ತು. ನಾನು ತಿಂದ ರೊಟ್ಟಿ ಎಣಿಸುತ್ತಿದ್ದಾಳೆ ಎಂದು ತಿಳಿದು ಮೂರನೆಯದಕ್ಕೆ ಕೈ ಹಾಕದೆ ಏಳುತ್ತಿದ್ದೆ. ಪಾಪ, ಅವಳು ಎಣಿಸುತ್ತಿದ್ದುದು ಗಿರಾಕಿಗಳಿಗೆ ಕಟ್ಟಬೇಕಾದ ರೊಟ್ಟಿಗಳನ್ನು. ಆದರೂ ಹೆಂಡತಿಯ ರೊಟ್ಟಿ ಮುರಿಯುವಾಗ ಆಗುವ ಆ ಕಟಕ್ ಎಂಬ ಶಬ್ದವನ್ನು ನಿರುದ್ಯೋಗಿ ಗಂಡನಾಗಿ ಕೇಳಿದವರಿಗೇ ಗೊತ್ತು.

ಹಾಗಾಗಿ ನೌಕರಿ ಹುಡುಕಲು ಕೂತೆ. ಮೊದಲು ನಿಮ್ಮ ಬಗ್ಗೆ ಒಂದು ಪುಟದ ವಿವರ ಬರೆದು ಅದರ ಫೋಟೋ ತೆಗೆದು ಕಳಿಸಿ ಎಂದು ಜಾಹೀರಾತುಗಳಲ್ಲಿತ್ತು. ಇದೇನು ಮಹಾ, ಇಪ್ಪತ್ನಾಲ್ಕು ವರ್ಷ ಒಂದು ಪುಟದ ಕೆಲಸವನ್ನೇ ಮಾಡಿದವನು ನಾನು ಎಂದುಕೊಂಡು, ಛಾಪಖಾನೆ ಮುಚ್ಚುವಾಗ ತಂದಿಟ್ಟುಕೊಂಡಿದ್ದ ಒಳ್ಳೆಯ ಕಾರ್ಡಿನ ಮೇಲೆ ಚೊಕ್ಕವಾಗಿ ಬರೆದೆ. ಮೇಲೆ ಶ್ರೀಕಾರ, ಅದರ ಕೆಳಗೆ ಕುಲದೇವರು ಪ್ರಸನ್ನ, ಆಮೇಲೆ ತಂದೆ ತಾಯಿಯರ ಹೆಸರು, ಹೊಂಬಳದ ಸೋದರಮಾವಂದಿರ ಹೆಸರು, ನಡುವೆ ದಪ್ಪಕ್ಷರದಲ್ಲಿ ನನ್ನ ಹೆಸರು, ಕೆಳಗೆ ‘ತಮ್ಮ ಕೃಪೆಯನ್ನು ಬಯಸುವ’ ಎಂದು ಬಲಗಡೆಗೆ. ಸುತ್ತ ಬಂಗಾರದ ಬಳ್ಳಿ ಮೊದಲೇ ಛಾಪಾಗಿತ್ತು. ನೀಲವ್ವ ನೋಡಿ, “ಚಂದ ಆಗೇತಿ. ಕನ್ಯಾ ಯಾರ್ರಿ?” ಎಂದಳು. ನಾನು ಸಿಟ್ಟಾಗಿ ಅದನ್ನೇ ಹನ್ನೊಂದು ಕಡೆ ಕಳಿಸಿದೆ. ಹನ್ನೊಂದು ಕಡೆಯಿಂದಲೂ ಉತ್ತರ ಬರಲಿಲ್ಲ. ಪತ್ರಿಕೆ ಕೊಟ್ಟ ಮನೆಯವರು ಮದುವೆಗೆ ಬಾರದಿದ್ದರೆ ಆಗುತ್ತದಲ್ಲ, ಅಂಥದೇ ಒಂದು ಬೇಸರವಾಯಿತು.

ಆಮೇಲೆ ಫಾರ್ಮುಗಳ ಕಾಲ. ಆನ್‌ಲೈನ್ ಫಾರ್ಮು ತುಂಬುವಾಗ ಮನುಷ್ಯನಿಗೆ ತನ್ನ ಬಗ್ಗೆ ತನಗೆ ಏನೂ ಗೊತ್ತಿಲ್ಲ ಎಂಬುದು ಗೊತ್ತಾಗುತ್ತದೆ. ನಾನು ಯಾವ ಜಿಲ್ಲೆಯವನು ಎಂಬುದೇ ಒಂದು ವಾರದ ತಕರಾರಾಯಿತು. ನಾವು ಹುಟ್ಟಿದ್ದು ಧಾರವಾಡ ಜಿಲ್ಲೆಯಲ್ಲಿ. ಎಲ್ಲಿಗೂ ಹೋಗದೆ ಕೂತಲ್ಲೇ ಕೂತು ಗದಗ ಜಿಲ್ಲೆಯವರಾದೆವು. ನನ್ನ ಹತ್ತನೇ ಇಯತ್ತೆಯ ಕಾಗದದಲ್ಲಿ ಧಾರವಾಡ, ಆಧಾರ್ ಕಾರ್ಡಿನಲ್ಲಿ ಗದಗ. ‘ವಿವರಗಳು ಹೊಂದಿಕೆಯಾಗುತ್ತಿಲ್ಲ’ ಎಂದು ಕೆಂಪು ಅಕ್ಷರದಲ್ಲಿ ಬರುತ್ತಿತ್ತು. ಸಹಾಯವಾಣಿಗೆ ಫೋನು ಹಚ್ಚಿದೆ. ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, “ನೀವು ಯಾವಾಗ ಸ್ಥಳ ಬದಲಾಯಿಸಿದಿರಿ ಸರ್?” ಎಂದು ಕೇಳಿದಳು. “ನಾವು ಬದಲಿ ಆಗಿಲ್ರಿ, ಜಿಲ್ಲಾ ಬದಲಿ ಆತು,” ಎಂದೆ. ಆಕೆ ಅದನ್ನೇ ಮತ್ತೆ ಕೇಳಿದಳು, ನಾನು ಅದನ್ನೇ ಮತ್ತೆ ಹೇಳಿದೆ. ಮೂರನೆಯ ಸಲ ಹೇಳುತ್ತಿರುವಾಗ ಫೋನು ಕಟ್ ಆಯಿತು. ಎದುರಿನವರು ಕಷ್ಟದಲ್ಲಿರುವಾಗ ಫೋನು ಕಟ್ ಮಾಡುವವರು ಮನುಷ್ಯರೇ ಅಲ್ಲ ಎಂದು ಆ ದಿನ ನೀಲವ್ವನ ಮುಂದೆ ದೊಡ್ಡ ಭಾಷಣ ಮಾಡಿದೆ. ಅವಳು ಹಿಟ್ಟು ನಾದುತ್ತ ಹೂಂ ಹೂಂ ಎಂದಳು.

ಇನ್ನು ಆ ಒಟಿಪಿ. ಫೋನಿಗೆ ಆರು ಅಂಕಿ ಬರುತ್ತವೆ, ಅರ್ಧ ನಿಮಿಷದಲ್ಲಿ ಅವನ್ನು ಫಾರ್ಮಿಗೆ ತುಂಬಬೇಕು. ನನಗೆ ಕನ್ನಡಕ ಹುಡುಕಲು ಅಷ್ಟು ಹೊತ್ತು ಬೇಕು. ಕನ್ನಡಕ ಹಾಕಿಕೊಂಡೇ ಕೂತ ದಿನ ಒಟಿಪಿ ಬರುವುದಿಲ್ಲ. ಅದೂ ದಾಟಿದರೆ ನಾನು ಯಂತ್ರವಲ್ಲ ಎಂದು ಸಿದ್ಧಮಾಡಿ ತೋರಿಸಬೇಕು: ಒಂಬತ್ತು ಚಿತ್ರ ಕೊಟ್ಟು ಬಸ್ಸು ಎಲ್ಲೆಲ್ಲಿವೆ ಒತ್ತು ಎನ್ನುತ್ತಾರೆ. ಅವು ಯಾವ ದೇಶದ ಬಸ್ಸುಗಳೋ ಏನೋ, ನುಣ್ಣಗೆ ಹೊಳೆಯುತ್ತಿರುತ್ತವೆ. ಹೊಂಬಳದ ಬಸ್ಸು ನೋಡಿ ಬೆಳೆದ ನನಗೆ ಅವು ಬಸ್ಸು ಅನ್ನಿಸಲೇ ಇಲ್ಲ. ಮೂರು ಸಲ ಸೋತು ಯಂತ್ರವೆಂದೇ ನಿರ್ಣಯವಾಯಿತು. ಫೋಟೋದ ಕಥೆ ಬೇರೆ: ಹಿಂದೆ ಬಿಳಿ ಗೋಡೆ ಇರಬೇಕು, ಎರಡೂ ಕಿವಿ ಕಾಣಬೇಕು. ಕಿವಿ ನೋಡಿ ಕೆಲಸ ಕೊಡುವ ಪದ್ಧತಿ ಯಾವಾಗ ಬಂತೋ ನನಗೆ ತಿಳಿಯದು.

ಎಲ್ಲಕ್ಕಿಂತ ನನ್ನನ್ನು ಗೋಳು ಹೊಯ್ದುಕೊಂಡದ್ದು ಕಡೆಯ ಪ್ರಶ್ನೆ. ‘ನಿಮ್ಮ ದೌರ್ಬಲ್ಯವೇನು?’ ಪಕ್ಕದಲ್ಲಿ ಒಂದು ಕೆಂಪು ನಕ್ಷತ್ರ. ನಕ್ಷತ್ರವಿದ್ದ ಮನೆಯನ್ನು ಖಾಲಿ ಬಿಟ್ಟರೆ ಫಾರ್ಮು ಮುಂದೆ ಹೋಗುವುದಿಲ್ಲ. ನೌಕರಿ ಕೇಳಲು ಹೋದವನು ತನ್ನ ಹುಳುಕು ತಾನೇ ಹೇಳಿಕೊಳ್ಳಬೇಕಂತೆ! ಇದಕ್ಕೆ ಹೇಗೆ ಉತ್ತರಿಸಬೇಕೆಂದು ಕಲಿಸುವ ಒಂದು ವಿಡಿಯೋ ನೋಡಿದೆ. ದೌರ್ಬಲ್ಯ ಕೇಳಿದರೆ ಗುಣವನ್ನೇ ದೌರ್ಬಲ್ಯದಂತೆ ಹೇಳಿ ಎಂದು ಅದರಲ್ಲಿದ್ದ ಟೈ ಕಟ್ಟಿದ ಮನುಷ್ಯ ಹೇಳಿದ. ನಾನು ‘ಅತಿಯಾದ ಪ್ರಾಮಾಣಿಕತೆ’ ಎಂದು ಬರೆದೆ. ಬರೆದು ಒಂದೆರಡು ಸಲ ಓದಿಕೊಂಡೆ. ಚೆನ್ನಾಗಿತ್ತು. ಒಮ್ಮೆ ಬರೆದದ್ದನ್ನು ಫೋನು ನೆನಪಿಟ್ಟುಕೊಳ್ಳುತ್ತದೆ. ಮುಂದೆ ಯಾವ ಫಾರ್ಮಿಗೆ ಹೋದರೂ ಆ ಪ್ರಶ್ನೆಯ ಮುಂದೆ ಬೆರಳಿಟ್ಟರೆ ಸಾಕು, ‘ಅತಿಯಾದ ಪ್ರಾಮಾಣಿಕತೆ’ ತಾನೇ ಬಂದು ಕೂಡುತ್ತಿತ್ತು.

ಈಗ ರಜಿಯಾಳ ವಿಷಯ ಹೇಳಬೇಕು. ನಮ್ಮ ಮಗ್ಗಲ ಮನೆ ಗಾದಿ ಮಾಡುವ ದಸ್ತಗೀರಸಾಬರದು. ಅವರ ಅಪ್ಪ ಅರಳೆ ಹಿಂಜುವಾಗಿನಿಂದಲೂ ನಮ್ಮ ಅವರ ನಡುವೆ ಗೋಡೆ ಒಂದೇ. ರಜಿಯಾ ಅವರ ಸೊಸೆ, ತವರು ಶಿರಹಟ್ಟಿ, ಬಿ.ಕಾಂ. ಮುಗಿಸಿದವಳು. ನನಗೆ ಕಾಕಾ, ನೀಲವ್ವನಿಗೆ ಕಾಕು ಎನ್ನುತ್ತಾಳೆ. ಅವಳ ಗಂಡ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಾನೆ; ಮನೆಗಿದ್ದ ಒಂದೇ ಫೋನು ಗಾಡಿಯ ಜೊತೆ ಊರೂರು ತಿರುಗುತ್ತದೆ. ಸೊಸೆ ನೌಕರಿಗೆ ಹೋಗುವುದು ಅತ್ತೆಯ ಮನಸ್ಸಿಗೆ ಬಂದಿರಲಿಲ್ಲ. ಬಹಳ ದಿನ ಮಾತುಕತೆಯಾಗಿ, ‘ಒಂದು ಅರ್ಜಿ ಹಾಕಿ ನೋಡ್ಲಿ, ಆತಂದ್ರ ಆತು, ಇಲ್ಲಂದ್ರ ಆ ಮಾತು ಅಲ್ಲಿಗೇ ಬಿಡ್ಲಿ’ ಎಂದು ರಾಜಿಯಾಯಿತು. ಒಂದೇ ಅರ್ಜಿ, ಲಕ್ಷ್ಮೇಶ್ವರದಾಚೆ ಅಡರಕಟ್ಟಿಯ ದಾರಿಯಲ್ಲಿರುವ ಒಂದು ಬೀಜದ ಕಂಪನಿಗೆ, ಕಚೇರಿ ಸಹಾಯಕರ ಕೆಲಸ. ಅದೇ ಕೆಲಸಕ್ಕೆ ನಾನೂ ಅರ್ಜಿ ಹಾಕುವವನಿದ್ದೆ. ನನ್ನ ಬೆರಳ ತೊಳಲಾಟ ನೋಡಲಾರದೆ ರಜಿಯಾ, “ಕೊಡ್ರಿ ಕಾಕಾ, ಎರಡೂ ನಾನ ತುಂಬ್ತೀನಿ,” ಎಂದು ನನ್ನ ಫೋನು ತೆಗೆದುಕೊಂಡಳು. ನಮ್ಮ ಮನೆಯ ಬಿಳಿ ಗೋಡೆಗೆ, ಆ ಗಡಿಯಾರದ ಕೆಳಗೆ ನಿಲ್ಲಿಸಿ ಅವಳ ಫೋಟೋ ತೆಗೆದದ್ದು ನೀಲವ್ವ. ಕಿವಿ ಕಾಣಲು ತಲೆಯ ಮೇಲಿನ ಓಢಣಿ ಸರಿಸಬೇಕಾಯಿತು. ಅತ್ತೆ ಮುಖ ತಿರುಗಿಸಿದರು. ದಸ್ತಗೀರಸಾಬರು ಮಾತ್ರ, “ಕಿವಿ ಕಂಡ್ರ ಏನಾತು? ಕೆಲಸಾ ಹೇಳಿದ್ರ ಕೇಳಸ್ತೈತೋ ಇಲ್ಲೋ ಅಂತ ನೋಡ್ತಿರಬೇಕ ಅವರು,” ಎಂದು ನಗಿಸಿದರು.

ಅವಳ ಅರ್ಜಿಯಲ್ಲಿ ಫೋನು ನಂಬರು ಬರೆಯುವಲ್ಲಿ ನನ್ನ ನಂಬರನ್ನೇ ಹಾಕಿದೆವು. ಇದರಲ್ಲಿ ನಮಗ್ಯಾರಿಗೂ ವಿಶೇಷ ಕಾಣಲಿಲ್ಲ. ಮೊದಲು ನಮ್ಮ ಓಣಿಗೆಲ್ಲ ಇದ್ದದ್ದು ನಮ್ಮ ಮನೆಯ ತಂತಿ ಫೋನು ಒಂದೇ. ಓಣಿಯ ಎಲ್ಲರ ಲಗ್ನಪತ್ರಿಕೆಯ ಮೇಲೂ ನಮ್ಮ ನಂಬರು, ಅದರ ಮುಂದೆ ‘ಪಿ.ಪಿ.’ ಎಂಬ ಎರಡಕ್ಷರ, ಅಂದರೆ ಮಗ್ಗಲ ಮನೆಯವರು ಕರೆದುಕೊಡುವ ಫೋನು. ಫೋನು ಬಂದರೆ ನಾನು ಕಟ್ಟೆಯ ಮೇಲೆ ನಿಂತು ಹೆಸರು ಹಿಡಿದು ಕೂಗುತ್ತಿದ್ದೆ. ಹಿಟ್ಟಿನ ಕೈ, ಒದ್ದೆ ತಲೆ, ಅರ್ಧ ಗಡ್ಡ, ಹೇಗಿದ್ದರೆ ಹಾಗೆ ಓಡಿ ಬರುತ್ತಿದ್ದರು. ದಸ್ತಗೀರಸಾಬರಿಗೆ ಮಗ ಹುಟ್ಟಿದ ಖಬರು ಬಂದದ್ದೂ ನಮ್ಮ ಫೋನಿಗೇ. ನಮ್ಮ ನಂಬರಿಗೆ ಬಂದ ಯಾರ ಸುದ್ದಿಯೂ ನಮ್ಮ ಮನೆಯಲ್ಲಿ ಉಳಿದದ್ದಿಲ್ಲ ಎಂದು ಹೇಳಿಕೊಂಡು ತಿರುಗಿದವನು ನಾನು.

ಹದಿನೈದು ದಿನದ ಮೇಲೆ ನನ್ನ ಫೋನಿಗೆ ಮೆಸೇಜು ಬಂತು. ಮಾನ್ಯ ಅಭ್ಯರ್ಥಿಗಳೇ, ತಮ್ಮನ್ನು ಸಂದರ್ಶನಕ್ಕೆ ಆಯ್ಕೆ ಮಾಡಲಾಗಿದೆ, ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಮೂಲ ಕಾಗದಪತ್ರಗಳೊಂದಿಗೆ ಬರತಕ್ಕದ್ದು. ಕೆಳಗೆ ಒಂದು ಅರ್ಜಿ ಸಂಖ್ಯೆ. ಹೆಸರಿಲ್ಲ. ಅರ್ಜಿ ಎರಡು, ಮೆಸೇಜು ಒಂದು. ಇದು ಯಾರದು ಎಂಬ ವಿಚಾರ ನನ್ನ ತಲೆಗೆ ಬರಲೇ ಇಲ್ಲ ಎಂದು ನಾನು ಮುಂದೆ ಎಲ್ಲರಿಗೂ ಹೇಳಿದ್ದೇನೆ. ನಿಮಗೆ ಖರೆ ಹೇಳುತ್ತೇನೆ: ಬಂತು. ಒಂದು ಕ್ಷಣ ಬಂತು, ಬಾಗಿಲಲ್ಲಿ ನಿಂತು ಇಣುಕಿತು, ನಾನು ಅದರ ಮುಖ ನೋಡಲಿಲ್ಲ. ಎರಡೂ ಅರ್ಜಿಗಳ ಸಂಖ್ಯೆಯನ್ನು ರಜಿಯಾ ನನ್ನ ಕ್ಯಾಲೆಂಡರಿನ ಹಿಂದೆಯೇ ಬರೆದಿಟ್ಟಿದ್ದಳು. ಕ್ಯಾಲೆಂಡರು ನಾನು ಕೂತಲ್ಲಿಂದ ಮೂರು ಹೆಜ್ಜೆ ದೂರವಿತ್ತು. ಪಾವತಿ ಪುಸ್ತಕದ ಸಾವಿರ ನಂಬರುಗಳನ್ನು ಒಂದೊಂದಾಗಿ ತಾಳೆ ನೋಡಿದ ಚನ್ನಬಸಪ್ಪನ ಕಣ್ಣು ಆ ಒಂದು ನಂಬರನ್ನು ತಾಳೆ ನೋಡಲಿಲ್ಲ. “ನೀಲಾ, ಕರದಾರ!” ಎಂದು ಕೂಗಿಬಿಟ್ಟೆ. ಅವಳು ಹಿಟ್ಟಿನ ಕೈಯಲ್ಲೇ ದೇವರ ಕಡೆ ತಿರುಗಿ ಕೈ ಮುಗಿದಳು. ಅಷ್ಟಾದ ಮೇಲೆ ಕ್ಯಾಲೆಂಡರು ತಿರುವಿ ನೋಡುವ ಧೈರ್ಯ ಯಾರಿಗಿರುತ್ತದೆ?

ಗುರುವಾರ ಬೆಳಗ್ಗೆ ಓಣಿಗೆ ಓಣಿಯೇ ನನ್ನನ್ನು ಬೀಳ್ಕೊಡಲು ಬಂತು. ನೀಲವ್ವ ಅಂಗೈಗೆ ಮೊಸರು ಸಕ್ಕರೆ ಹಾಕಿದಳು. ದಸ್ತಗೀರಸಾಬರು ತಮ್ಮ ಡಬ್ಬಿಯಿಂದ ಅತ್ತರು ತೆಗೆದು ನನ್ನ ಕಾಲರಿಗೆ ಹಚ್ಚಿದರು. ನನ್ನ ಕಾಗದಪತ್ರಗಳು ಬಟ್ಟೆಯ ಚೀಲದಲ್ಲಿದ್ದವು. ರಜಿಯಾ ಅದನ್ನು ನೋಡಿ, “ಹಿಂಗ ಒಯ್ಯಬಾರ್ದ್ರಿ ಕಾಕಾ,” ಎಂದು ಒಳಗೆ ಓಡಿ ಹೋಗಿ ತನ್ನ ನೀಲಿ ಫೈಲು ತಂದಳು. ತನ್ನ ಕಾಗದಗಳನ್ನೆಲ್ಲ ತೆಗೆದು ನನ್ನವನ್ನು ಜೋಡಿಸಿಕೊಟ್ಟಳು. ಕೊಡುವಾಗ ಮೆಲ್ಲಗೆ, “ನಂದೇನರ ಬಂದೈತೇನ್ರಿ ಕಾಕಾ?” ಎಂದಳು.

“ಇನ್ನೂ ಇಲ್ಲವ್ವ. ಬರ್ತೈತಿ ತಡಿ,” ಎಂದೆ.

“ಆತ್ರಿ,” ಎಂದಳು. ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಕಂಪನಿಯ ಪಡಸಾಲೆಯಲ್ಲಿ ಎಂಟು ಕುರ್ಚಿ ಹಾಕಿದ್ದರು. ಉಳಿದವರೆಲ್ಲ ನನ್ನ ಮಕ್ಕಳ ವಯಸ್ಸಿನವರು. ನನ್ನ ಪಕ್ಕದಲ್ಲಿ ಮುಂಡರಗಿಯಿಂದ ಬಂದ ಒಬ್ಬ ಹುಡುಗಿ ಕೂತಿದ್ದಳು. ನಾನು ಸಂದರ್ಶನ ತೆಗೆದುಕೊಳ್ಳಲು ಬಂದವನೆಂದು ತಿಳಿದು ಎದ್ದು ನಮಸ್ಕಾರ ಮಾಡಿದಳು. ಕನ್ನಡಕ ಮೂಗಿನ ತುದಿಗೆ ಇಳಿಬಿಟ್ಟ ಒಬ್ಬ ಗುಮಾಸ್ತರು ಯಾದಿ ಹಿಡಿದು ಹೆಸರು ಕರೆಯತೊಡಗಿದರು. ನಾಲ್ಕನೆಯ ಹೆಸರು, “ರಜಿಯಾಬಾನು.” ಯಾರೂ ಏಳಲಿಲ್ಲ. “ರಜಿಯಾಬಾನು, ಬೆಟಗೇರಿ. ಬಂದಾರೇನ್ರಿ?” ನನ್ನ ಕಾಲರಿನ ಅತ್ತರು ಒಮ್ಮೆಲೇ ಮೂಗಿಗೆ ಹೊಡೆಯಿತು. ಎಂಟೂ ಹೆಸರು ಮುಗಿದವು. ನನ್ನ ಹೆಸರು ಅದರಲ್ಲಿರಲಿಲ್ಲ.

ಗುಮಾಸ್ತರು ನನ್ನ ಕಡೆ ನೋಡಿದರು. “ನಿಮ್ಮ ಹೆಸರೇನ್ರಿ?” ಹೇಳಿದೆ. ಮತ್ತೊಂದು ಹಾಳೆ ತೆಗೆದು ನೋಡಿ, “ನಿಮ್ದು ಕಾಯೋ ಯಾದಿಯೊಳಗ ಮೊದಲನೇದ ಐತಿ. ನಿಮ್ಮನ್ನ ಕರದಿದ್ದಿಲ್ಲಲ್ಲ, ಹೆಂಗ ಬಂದ್ರಿ?” ಎಂದರು. ಕರೆಯದ ಮನೆಗೆ ಅತ್ತರು ಹಚ್ಚಿಕೊಂಡು ಊಟಕ್ಕೆ ಹೋದಂತಾಯಿತು. “ಹಿಂಗ ಈ ಕಡೆ ಬಂದಿದ್ನ್ರಿ, ವಿಚಾರ ಮಾಡ್ಕೊಂಡು ಹೋಗೂಣು ಅಂತ,” ಎಂದೆ. “ಚಲೋ ಆತು ಕುಂಡ್ರಿ,” ಎಂದರು ಅವರು, “ಈ ರಜಿಯಾಬಾನು ಅನ್ನಾರು ಬಂದಿಲ್ಲ. ಒಂದು ಫೋನ್ ಹಚ್ಚಿ ನೋಡ್ತೀನಿ. ಅವರು ಬರಲಿಲ್ಲಂದ್ರ ನಿಮ್ಮನ್ನ ಒಳಗ ಬಿಡ್ತೀವಿ.” ಮೇಜಿನ ಮೇಲಿನ ಫೋನು ಎತ್ತಿ, ಯಾದಿ ನೋಡುತ್ತ ಒಂದೊಂದೇ ಅಂಕಿ ಒತ್ತಿದರು.

ನನ್ನ ಕಿಸೆ ಹಾಡತೊಡಗಿತು. ನೀಲವ್ವ ಇಟ್ಟುಕೊಟ್ಟ ಭಜನೆಯ ಧಾಟಿ, ತಾಳ ಗೆಜ್ಜೆ ಸಮೇತ. ಎದ್ದು ‘ಆ ಫೋನು ನನ್ನದೇರಿ’ ಎಂದು ಹೇಳಬಹುದಿತ್ತು. ಉಳಿದ ಏಳು ಕುರ್ಚಿಯವರು ನಗುತ್ತಿದ್ದರು, ನಗಲಿ, ಅಲ್ಲಿಗೆ ಮುಗಿಯುತ್ತಿತ್ತು. ನಾನು ಕಿಸೆಯೊಳಗೆ ಕೈ ಹಾಕಿ ಕಟ್ ಮಾಡಿದೆ. ಅತ್ತ ಗುಮಾಸ್ತರು, “ಕಟ್ ಮಾಡಿದ್ರಲ್ಲ,” ಎಂದು ಫೋನನ್ನೇ ನೋಡಿದರು. ಮುಂಡರಗಿಯ ಹುಡುಗಿ, “ನಿಮ್ದೂ ಫೋನ್ ಬಂದಿತ್ತಲ್ರಿ?” ಎಂದಳು. “ಮನಿಯಿಂದ ಬಂದಿತ್ತವ್ವ,” ಎಂದೆ. ಫೋನಿನ ದನಿ ಅಡಗಿಸಿದೆ. ಗುಮಾಸ್ತರು ಎರಡನೆಯ ಸಲ ಹಚ್ಚಿದರು. ಈ ಸಲ ಅದು ನನ್ನ ಎದೆಗೆ ಹತ್ತಿ ಗುರ್ ಎಂದು ನಡುಗಿತು. ಮತ್ತೆ ಕಟ್ ಮಾಡಿದೆ. ಮೊದಲನೆಯದನ್ನು ನಾಚಿಕೆಯಿಂದ ಮಾಡಿದೆ, ಅದನ್ನು ಯಾರಾದರೂ ಕ್ಷಮಿಸಬಹುದು. ಎರಡನೆಯದನ್ನು ನಾನು ಆಸೆಯಿಂದ ಮಾಡಿದೆ. ಅವಳು ಬರಲಿಲ್ಲಂದರೆ ನನ್ನನ್ನು ಒಳಗೆ ಬಿಡುತ್ತಾರೆ ಎಂಬ ಮಾತು ಕಿವಿಯಲ್ಲಿತ್ತು. ಗುಮಾಸ್ತರು ಒಂದು ದಪ್ಪ ವಹಿ ತೆಗೆದು ಅದರಲ್ಲಿ ಏನೋ ಬರೆದುಕೊಂಡರು. “ನಿಮ್ಮ ಕಾಗದಾ ತಗದಿಟ್ಕೋರಿ,” ಎಂದು ನನಗೆ ಹೇಳಿದರು.

ಫೈಲು ಬಿಚ್ಚಿದೆ. ನನ್ನ ಕಾಗದಗಳ ಹಿಂದೆ, ಒಳಗಿನ ಸಣ್ಣ ಕಿಸೆಯಲ್ಲಿ ಏನೋ ಉಳಿದಿತ್ತು. ಪ್ರಿಂಟು ತೆಗೆಸಿಟ್ಟುಕೊಂಡಿದ್ದ ರಜಿಯಾಳ ಫೋಟೋ. ಬಿಳಿ ಗೋಡೆ, ಮೇಲೆ ನಮ್ಮ ಗಡಿಯಾರದ ಅಂಚು, ಓಢಣಿ ಹಿಂದಕ್ಕೆ ಸರಿದು ಎರಡೂ ಕಿವಿ ಕಾಣುತ್ತಿದ್ದವು. ಆ ಕಿವಿಗಳು ಬೆಳಗಿನಿಂದ ‘ನಂದೇನರ ಬಂದೈತೇನ್ರಿ’ ಎಂದು ಕಾಯುತ್ತಿದ್ದವು. ಇಪ್ಪತ್ನಾಲ್ಕು ವರ್ಷ ಕಂಡವರ ತಪ್ಪಿಗೆ ಕೆಂಪು ಶಾಯಿ ಹಾಕಿದವನು ನಾನು. ಆ ಕುರ್ಚಿಯಲ್ಲಿ ಕೂತು ನನ್ನ ಮೇಲೆಯೇ ಅಡ್ಡಗೆರೆ ಎಳೆಯಬೇಕು ಅನ್ನಿಸಿತು.

ಎದ್ದು ಹೊರಗೆ ನೀರಿನ ಟಾಕಿಯ ಹಿಂದೆ ಹೋಗಿ ನೀಲವ್ವನ ಸಣ್ಣ ಫೋನಿಗೆ ಹಚ್ಚಿದೆ. “ರಜಿಯಾನ್ನ ಈಗಿಂದೀಗ ಲಕ್ಷ್ಮೇಶ್ವರದ ಬಸ್ ಹತ್ತಿಸು. ಕಾಗದಾ ಎಲ್ಲಾ ತೊಗೊಂಡು ಬರಾಕ ಹೇಳು.”

“ನಿಮ್ಮ ಇಂಟರ್‌ವ್ಯೂಕ್ಕ ಆಕಿ ಯಾಕ್ರಿ?”

“ನಂದಲ್ಲ ಅದು.”

“ಮತ್ತ ಯಾರ್ದು?”

“ಆಕಿದು.”

ನೀಲವ್ವ, “ನೀವು ಬಂದ ಮ್ಯಾಲೆ ಪಾಯಸಾ ಮಾಡಬೇಕಂತ ಆಕಿ ನಮ್ಮ ಅಡಗಿಮನ್ಯಾಗ ಶ್ಯಾವಿಗಿ ಹುರ್ಯಾಕತ್ತಾಳ್ರಿ,” ಎಂದಳು. ಬೈದಿದ್ದರೆ ಬೇಕಾಗಿತ್ತು.

ಒಳಗೆ ಬಂದು ಗುಮಾಸ್ತರಿಗೆ, ಆ ಹೆಣ್ಣುಮಗಳು ನಮ್ಮ ಮಗ್ಗಲ ಮನೆಯವಳೇ, ಬಸ್ಸು ತಡವಾಗಿದೆ, ಬರುತ್ತಿದ್ದಾಳೆ ಎಂದೆ. “ಮೊದಲ ಯಾಕ ಹೇಳಲಿಲ್ರಿ?” ಎಂದು ಅವರು ಕನ್ನಡಕದ ಮೇಲಿಂದ ನೋಡಿದರು. “ನೆನಪಾಗಲಿಲ್ರಿ,” ಎಂದೆ. ಮಗ್ಗಲ ಮನೆಯವಳು ನೆನಪಾಗದ ಮನುಷ್ಯನನ್ನು ಅವರು ಮೊದಲ ಸಲ ನೋಡಿರಬೇಕು. ಎರಡು ಗಂಟೆಯವರೆಗೆ ಕಾಯುತ್ತೇವೆ ಎಂದರು. ಹೊರಗಿನ ಬೇವಿನ ಗಿಡದ ಕೆಳಗೆ ನಿಂತು ದಾರಿ ನೋಡಿದೆ. ಟ್ರ್ಯಾಕ್ಟರುಗಳು ಬಂದವು, ಶಿರಹಟ್ಟಿಯ ಬಸ್ಸು ಬಂತು, ಹೋಯಿತು. ಒಂದೂವರೆ ದಾಟಿತು. ಒಳಗಿನಿಂದ ಏಳನೆಯವನೂ ಹೊರಬಂದ. ಎರಡಕ್ಕೆ ಹತ್ತು ನಿಮಿಷವಿರುವಾಗ ಗೇಟಿನ ಹತ್ತಿರ ರಜಿಯಾ ಓಡುತ್ತ ಬರುವುದು ಕಂಡಿತು, ಹಿಂದೆ ಟೋಪಿ ಕೈಯಲ್ಲಿ ಹಿಡಿದುಕೊಂಡು ದಸ್ತಗೀರಸಾಬರು. ಅವಳ ಕಾಗದಗಳು ಬಟ್ಟೆ ಅಂಗಡಿಯ ಚೀಲದಲ್ಲಿ ಸುರುಳಿಯಾಗಿದ್ದವು. ನೀಲಿ ಫೈಲು ಖಾಲಿ ಮಾಡಿ ಅವಳ ಕೈಗೆ ಕೊಟ್ಟೆ. ಅವಳು ಏದುಸಿರಿನಲ್ಲೇ, “ನಿಮ್ದು ಮುಗೀತೇನ್ರಿ ಕಾಕಾ?” ಎಂದಳು.

“ನಂದು ಮುಗೀತವ್ವ. ನೀ ಒಳಗ ನಡಿ,” ಎಂದೆ. ಆ ದಿನ ಅವಳ ಮುಂದೆ ನಾನು ಆಡಿದ ಒಂದೇ ಖರೆ ಮಾತು ಅದು.

ತಿರುಗಿ ಬರುವಾಗ ಬಸ್ಸಿನಲ್ಲಿ ದಸ್ತಗೀರಸಾಬರು, ಕಂಪನಿಯವರು ಅವಳ ಮೆಸೇಜನ್ನು ತಪ್ಪಿ ನನಗೆ ಕಳಿಸಿದರೇನು ಎಂದು ಕೇಳಿದರು. “ಹೂಂ, ಕಂಪ್ಯೂಟರಿನ ತಪ್ಪು,” ಎಂದೆ. ಕಂಪ್ಯೂಟರು ಎದುರು ಮಾತಾಡುವುದಿಲ್ಲ. ನಾವು ಬೆಟಗೇರಿ ಮುಟ್ಟುವಷ್ಟರಲ್ಲಿ ಓಣಿಯಲ್ಲಿ ಕಥೆ ಬೇರೆಯಾಗಿತ್ತು: ಚನ್ನಬಸಪ್ಪನವರು ಮಗ್ಗಲ ಮನೆಯ ಹೆಣ್ಣುಮಗಳ ಸಲುವಾಗಿ ತಮ್ಮ ಸಂದರ್ಶನ ಬಿಟ್ಟುಕೊಟ್ಟರಂತೆ. ಅದನ್ನು ಯಾರು ಕಟ್ಟಿದರೋ ಗೊತ್ತಿಲ್ಲ, ನಾನಂತೂ ಬಿಚ್ಚಲಿಲ್ಲ. ಒಂದು ವಾರಕ್ಕೆ ಮತ್ತೆ ನನ್ನ ಫೋನಿಗೇ ಮೆಸೇಜು ಬಂತು. ಈ ಸಲ ಕ್ಯಾಲೆಂಡರು ತಿರುವಿ ಮೂರು ಸಲ ತಾಳೆ ನೋಡಿದೆ. ರಜಿಯಾಳಿಗೆ ನೌಕರಿಯಾಗಿತ್ತು. ಬಹಳ ವರ್ಷಗಳ ಮೇಲೆ ಕಟ್ಟೆಯ ಮೇಲೆ ನಿಂತು ಹೆಸರು ಹಿಡಿದು ಕೂಗಿದೆ. ಅತ್ತೆಯೇ ಮೊದಲು ಓಡಿ ಬಂದರು, ಬಂದವರೇ ನನ್ನ ಕಾಲು ಮುಟ್ಟಲು ಬಗ್ಗಿದರು. ನಾನು ಹಿಂದೆ ಸರಿದು ನೀಲವ್ವನ ರೊಟ್ಟಿಯ ಬುಟ್ಟಿಯ ಮೇಲೆ ಕೂತೆ. ನಲವತ್ತು ರೊಟ್ಟಿ ಹೋದವು.

ದಸ್ತಗೀರಸಾಬರು ಹೊಸ ಅರಳೆ ತುಂಬಿ, ಹೂವಿನ ಬಟ್ಟೆ ಹೊಲಿದು ಒಂದು ಗಾದಿ ತಂದು ಹಾಸಿದರು. “ಇದರ ಮ್ಯಾಲೆ ಮಲಗಿದ್ರ ಕಣ್ಣು ಮುಚ್ಚೂದ್ರಾಗ ನಿದ್ದಿ ಬರ್ತೈತ್ರಿ,” ಎಂದರು. ಅವರ ಕೈಯ ಗಾದಿಯ ಬಗ್ಗೆ ಈ ಮಾತು ಸುಳ್ಳಾದದ್ದು ನನ್ನ ಮಟ್ಟಿಗೆ ಮಾತ್ರ. ನೀಲವ್ವ ಅದರ ಮೇಲೆ ಸುಖವಾಗಿ ಮಲಗುತ್ತಾಳೆ. ನಾನು ಬೆನ್ನುನೋವಿನ ನೆವ ಹೇಳಿ ಕೆಳಗೆ ಚಾಪೆ ಹಾಸಿಕೊಳ್ಳುತ್ತೇನೆ. ಗಾದಿ ಮೆತ್ತಗಿದೆ ಎಂಬ ಕಾರಣಕ್ಕೆ ನೆಲದ ಮೇಲೆ ಮಲಗುವ ಮನುಷ್ಯ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಮೂರು ತಿಂಗಳಾದವು. ರಜಿಯಾ ಈಗ ಸ್ವಂತ ಫೋನು ತೆಗೆದುಕೊಂಡಿದ್ದಾಳೆ. ಹೋದ ಭಾನುವಾರ ಚಹಾ ಮಾಡಿ ತಂದಿಟ್ಟು, ಮುಂಡರಗಿಯ ಕಡೆ ಒಂದು ಶಾಲೆಯಲ್ಲಿ ಗ್ರಂಥಾಲಯ ನೋಡಿಕೊಳ್ಳುವವರು ಬೇಕಾಗಿದ್ದಾರೆ ಎಂದು ನನ್ನ ಫೋನಿನಲ್ಲೇ ನನ್ನ ಅರ್ಜಿ ತುಂಬಲು ಕೂತಳು. ಕಂಪನಿಯ ಸುದ್ದಿ ಹೇಳುತ್ತಿದ್ದಳು: ಆ ಗುಮಾಸ್ತರು ನಿವೃತ್ತರಾದರು, ಬರುವ ಹೋಗುವ ಫೋನುಗಳ ವಹಿ ಈಗ ಇವಳ ಕೈಗೆ ಬಂದಿದೆ, ಹಳೆಯ ಹಾಳೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಕೊಟ್ಟಿದ್ದಾರೆ. “ಯಾರಿಗೆ ಹಚ್ಚಿದ್ರು, ಎಷ್ಟು ಸಲ ಹಚ್ಚಿದ್ರು, ಆ ಕಡೆಯವ್ರು ಏನ ಮಾಡಿದ್ರು, ಎಲ್ಲಾ ಬರದಿಟ್ಟಾರ್ರಿ ಅವರು,” ಎಂದಳು. ನಾನು ಕೈಯ ಚಹಾವನ್ನೆಲ್ಲ ಬಸಿಗೆ ಸುರಿದುಕೊಂಡೆ. ಅವಳು ತಲೆ ಎತ್ತಲಿಲ್ಲ.

ಫೋನು ನಂಬರಿನ ಮನೆ ಬಂತು. ನಾನು ನನ್ನ ನಂಬರು ಹೇಳಲು ಬಾಯಿ ತೆರೆದೆ. “ಬ್ಯಾಡ್ರಿ ಕಾಕಾ, ನಂದ ಹಾಕ್ತೀನಿ. ನಿಮ್ಮ ಕಡೆ ಒಟಿಪಿ ಜಲ್ದಿ ಆಗಂಗಿಲ್ಲ,” ಎಂದಳು. ಅಂಕಿಗಳನ್ನು ಒತ್ತುತ್ತ, ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳುವ ದನಿಯಲ್ಲೇ, “ಅವರು ಫೋನ್ ಹಚ್ಚಿದ್ರ ನಾ ಎರಡು ಸಲಾ ಕಟ್ ಮಾಡಂಗಿಲ್ರಿ,” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ನಾನು ಹುಡುಕಿದೆ, ಸಿಗಲಿಲ್ಲ.

ಫಾರ್ಮು ಕಡೆಯ ಪ್ರಶ್ನೆಗೆ ಬಂತು. ನಿಮ್ಮ ದೌರ್ಬಲ್ಯವೇನು? ಅವಳು ಬೆರಳಿಟ್ಟ ಕೂಡಲೇ ಫೋನು ಎಂದಿನ ನಿಷ್ಠೆಯಿಂದ ‘ಅತಿಯಾದ ಪ್ರಾಮಾಣಿಕತೆ’ಯನ್ನು ತಂದು ಕೂಡಿಸಿತು. ರಜಿಯಾ ಅದನ್ನು ಓದಿದಳು. ಓಢಣಿಯ ತುದಿಯಿಂದ ತುಟಿ ಮುಚ್ಚಿಕೊಂಡು ಕೇಳಿದಳು, “ಇದನ್ನ ಹಂಗ ಇಡ್ಲೇನ್ರಿ ಕಾಕಾ, ಏನ್ ತಗೀಲಿ?”

“ತಗಿಯವ್ವ,” ಎಂದೆ. ತೆಗೆದಳು. ಆದರೆ ಕೆಂಪು ನಕ್ಷತ್ರದ ಮನೆ, ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಅವಳು ಕಾದಳು. ನಾನು ಬಸಿಯ ಚಹಾ ಕುಡಿದು ಮುಗಿಸಿದೆ. ಕಡೆಗೆ, “ಬ್ಯಾರೇದವ್ರಿಗೆ ಬಂದ ಫೋನ್ ಕಟ್ ಮಾಡ್ತಾನ ಅಂತ ಬರಿ,” ಎಂದೆ. ಅವಳು ಬರೆದಳು. ಇಷ್ಟು ದಿನದಲ್ಲಿ ಮೊದಲ ಸಲ ಒಂದು ಫಾರ್ಮು ಯಾವ ತಕರಾರೂ ಮಾಡದೆ ಮುಂದಿನ ಪುಟಕ್ಕೆ ಹೋಯಿತು.